ಜಡೆಯೊಳಗಿನ ಕಪ್ಪು ತಂತಿ

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್.

ಸಲಾ ಪಟ್ಟಣದ ಆ ಓಣಿ ಮಲಗಿ ಬಹಳ ಹೊತ್ತಾಗಿತ್ತು. ನದಿಯ ಕಡೆಯಿಂದ ಬಂದ ಮಂಜು ಕಿಟಕಿಯ ಸರಳುಗಳ ಮೇಲೆ ಹನಿಗಟ್ಟಿತ್ತು. ಬತೂಲ್ ತುಂಬಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಕೂತಳು. ಸದ್ದು ಬರುತ್ತಿದ್ದುದು ಕೆಳಗಿನಿಂದ, ಗಂಡನ ವರ್ಕ್‌ಶಾಪಿನಿಂದ.

"ರೀ, ಕೇಳಿಸ್ತಾ?"

"ಇಂಡಿಕೇಟರ್ ರಿಲೇ. ಹಳೇ ಗಾಡಿ, ಬಡ್ಕೊಳ್ಳುತ್ತೆ. ಮಲಗು," ಎಂದ ಜವಾದ್, ಕಣ್ಣು ತೆರೆಯದೆ.

"ಬ್ಯಾಟರಿ ಬಿಚ್ಚಿಟ್ಟಿದೀನಿ ಅಂದ್ರಲ್ಲ."

ಬಿಚ್ಚಿಟ್ಟಿದ್ದು ನಿಜ. ಅದು ಗೋಡೆಯ ಹಲಗೆಯ ಮೇಲೆ ಒಂಟಿಯಾಗಿ ಕೂತಿತ್ತು. "ಹಾಗಾದ್ರೆ ಇಲಿ," ಎಂದು ಅವನು ಮಗ್ಗುಲು ಬದಲಿಸಿದ.

"ಬೆಳಿಗ್ಗೆ ಆ ಯಜಮಾನಿ ಹೇಳಿದ್ದಕ್ಕೆ ನೀವು ನಗಬಾರದಿತ್ತು."

ಬೆಳಿಗ್ಗೆ ಬಂದಿದ್ದವಳು ಲಲ್ಲಾ ಯಾಕೂತ್. ಕಾರು ಅವಳ ತೀರಿಹೋದ ಗಂಡನದು. ಕೆನೆಬಣ್ಣದ ಹಳೆಯ ಪ್ಯೂಜೋ, ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಧೂಳು ತಿಂದಿತ್ತು. ಈಗ ಅವಳ ತಂಗಿಯ ಮಗನಿಗೆ ಮದುಮಗಳನ್ನು ಅದರಲ್ಲೇ ಕರೆತರಬೇಕೆಂಬ ಹಟ. ಇಲಿ ಕಡಿದ, ಪೆಡಸುಗಟ್ಟಿದ ವೈರಿಂಗನ್ನೆಲ್ಲ ಹೊಸದಾಗಿ ಹಾಕಿಕೊಡಬೇಕೆಂದು ಅವನು ಗಾಡಿಯನ್ನು ತಳ್ಳಿಸಿಕೊಂಡು ಬಂದು ನಿಲ್ಲಿಸಿದ್ದ. ಮುದುಕಿ ಹಿಂದೆಯೇ ಬಂದವಳು ಹೊಸ್ತಿಲು ಮಾತ್ರ ದಾಟಲಿಲ್ಲ.

"ಹಳೇ ವೈರುಗಳನ್ನ ಬಿಚ್ಚಿ ಉಪ್ಪುನೀರಲ್ಲಿ ನೆನೆಹಾಕು ಮಗಾ. ಎಲ್ಲೂ ಕತ್ತರಿಸಬೇಡ. ಇದ್ದ ಹಾಗೇ ಮತ್ತೆ ಕಟ್ಟಲೂ ಬೇಡ."

"ಉಪ್ಪುನೀರು ಬಿದ್ರೆ ತಾಮ್ರಕ್ಕೆ ಹಸಿರು ಹಿಡಿಯುತ್ತೆ ಲಲ್ಲಾ," ಎಂದಿದ್ದ ಜವಾದ್. "ನಿಮ್ಮ ಜಿನ್ನುಗಳಿಗೆ ಬೇಕಾದ್ರೆ ಬೇರೆ ಫ್ಯೂಸ್ ಹಾಕಿಕೊಡ್ತೀನಿ. ಸುಟ್ಟುಹೋದ್ರೆ ಬದಲಾಯಿಸೋದು ಸುಲಭ."

ಎದುರಿನ ಚಪ್ಪಲಿ ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ಮುದುಕಿ ನಗಲಿಲ್ಲ. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ಬತೂಲಳನ್ನು ನೋಡಿದಳು. ಆ ಹೊಟ್ಟೆಯನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮುಸುಕು ಸರಿಮಾಡಿಕೊಂಡು ಹೊರಟುಹೋದಳು.

ಜವಾದ್ ಆ ಓಣಿಗೆ ಹೊಸಬ. ಕಾಸಾಬ್ಲಾಂಕಾದ ತಾಂತ್ರಿಕ ಶಾಲೆಯಲ್ಲಿ ಕಲಿತವನು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಎರಡು ಸಲ ಬಸಿರು ಕೈಜಾರಿದ ಮೇಲೆ, ಬತೂಲಳ ಹೊಟ್ಟೆಯಲ್ಲಿ ಈ ಮಗು ನಿಂತಿತ್ತು. ಅವಳು ಎಲ್ಲಕ್ಕೂ ಹೆದರುತ್ತಿದ್ದಳು. ಅವಳ ಹೆದರಿಕೆ ತನಗೂ ಅಂಟದಿರಲೆಂದೇ ಅವನು ಎಲ್ಲಕ್ಕೂ ನಗುತ್ತಿದ್ದ.

ಮರುದಿನ ಅವನು ಡ್ಯಾಶ್‌ಬೋರ್ಡ್ ಕಳಚಿ ಹಳೆಯ ತಂತಿಗಳ ಜಡೆಯನ್ನು ಇಡಿಯಾಗಿ ಹೊರಗೆಳೆದ. ಹಾವಿನ ಪೊರೆಯಂತೆ ಅದು ಜಾರಿ ಬಂತು. ಅದನ್ನು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಹೊಸ ತಂತಿಗಳನ್ನು ಒಂದೊಂದಾಗಿ ಜೋಡಿಸುವುದು ಅವನ ಪದ್ಧತಿ. ಮೊದಲು ಹಳೆಯದನ್ನು ಹಾಗೆಯೇ ನಕಲು ಮಾಡು, ಯಾಕೆಂದು ಆಮೇಲೆ ಕೇಳು ಎಂದು ಅವನಿಗೆ ಕಲಿಸಿದವರು ಹೇಳುತ್ತಿದ್ದರು. ಅವನು ಟೇಪು ಹಿಡಿದು ಅಳೆಯುತ್ತಿರಲಿಲ್ಲ. ಎರಡೂ ತೋಳು ಚಾಚಿ, ಎದೆಗೆ ಅಡ್ಡವಾಗಿ ತಂತಿ ಹಿಡಿದು, ಮಾರು ಹಾಕುತ್ತಿದ್ದ.

ಜಡೆಯ ಬಟ್ಟೆಪಟ್ಟಿ ಬಿಚ್ಚುತ್ತ ಹೋದಂತೆ ನಡುವಿನಲ್ಲಿ ಒಂದು ಕಪ್ಪು ತಂತಿ ಸಿಕ್ಕಿತು. ಅದರ ತುದಿಗಳು ಯಾವುದಕ್ಕೂ ಸೇರಿರಲಿಲ್ಲ. ದೀಪಕ್ಕಲ್ಲ, ಹಾರನ್ನಿಗಲ್ಲ. ಮೈತುಂಬ ಗಂಟುಗಳು. ಗಂಟುಗಳ ಸಂದಿಯಲ್ಲಿ ಸಾಂಬ್ರಾಣಿಯ ವಾಸನೆ, ಅದರಡಿಯಲ್ಲಿ ಬೇರೇನೋ, ಒಣಗಿದ ರಕ್ತದಂಥದ್ದು. ಒಂದೆರಡು ಉದ್ದನೆಯ ಕೂದಲು ಅವನ ಬೆರಳಿಗೆ ಅಂಟಿದವು. ಯಾವನೋ ಹಳೆಯ ಮೇಸ್ತ್ರಿ ಜಡೆ ಎಳೆದಾಡಿದರೆ ಕಿತ್ತುಬರದಿರಲೆಂದು ಒಳಗೆ ಬಿಗಿತಕ್ಕೆ ಕೊಟ್ಟಿರಬೇಕು ಎಂದುಕೊಂಡ.

ಅದನ್ನೂ ನಕಲು ಮಾಡಿದ. ಒಂದು ಮಾರು ಕಪ್ಪು ತಂತಿ ಕತ್ತರಿಸಿದ. ಹಳೆಯದನ್ನು ನೋಡಿ ನೋಡಿ ಗಂಟು ಹಾಕಿದ. ಕೈಗೆ ಬಿಗಿ ಬಾರದ ಕಡೆ ಹಲ್ಲಿನಲ್ಲಿ ಕಚ್ಚಿ ಎಳೆದ. ಹೊಸ ತಂತಿಯ ಮೇಲಿನ ಬಿಳಿ ಪುಡಿ ಹಾರಲೆಂದು ಪ್ರತಿ ಗಂಟಿಗೂ ಬಾಯಿಂದ ಊದಿದ. ಟೇಪು ಸುತ್ತಿ, ಜಡೆಯನ್ನು ಡ್ಯಾಶ್‌ಬೋರ್ಡಿನ ಹಿಂದಕ್ಕೆ ತೂರಿಸಿದ. ಹಳೆಯದನ್ನು ಒಳಗಿನ ತಾಮ್ರ ತೆಗೆಯಲೆಂದು ಒಲೆಗೆ ಹಾಕಿದ. ರಬ್ಬರು ಸುಡುವ ಹೊಗೆಯಲ್ಲಿ ಆ ಸಾಂಬ್ರಾಣಿ ಓಣಿಯ ತುಂಬ ಹರಡಿತು.

ಅವತ್ತೇ ಟಿಕ್ ಸದ್ದು ನಿಂತಿತು. "ನೋಡಿದ್ಯಾ, ಇಲಿ ಬೇರೆ ಮನೆ ಹುಡುಕಿಕೊಂಡಿತು," ಎಂದು ಅವನು ಹೆಂಡತಿಯನ್ನು ಛೇಡಿಸಿದ.

ಬತೂಲಳಿಗೆ ನೋವು ಶುರುವಾದದ್ದು ಅದೇ ವಾರ, ಒಂದು ಮುಂಜಾನೆ. ಮಧ್ಯಾಹ್ನವಾದರೂ ಮಗು ಇಳಿಯಲಿಲ್ಲ. ಅಷ್ಟು ದಟ್ಟವಾದ ಮಂಜು ಹಗಲಲ್ಲಿ ಯಾರೂ ಕಂಡಿರಲಿಲ್ಲ. ಸೇತುವೆಯ ಮೇಲೆ ಗಾಡಿಗಳು ಒಂದಕ್ಕೊಂದು ಗುದ್ದಿಕೊಂಡು, ಆಂಬುಲೆನ್ಸ್ ಆಚೆ ದಡದಲ್ಲೇ ಸಿಕ್ಕಿಬಿದ್ದಿತ್ತು. ಓಣಿಯ ಸೂಲಗಿತ್ತಿ ಫತ್ತೂಮ ಮೆಟ್ಟಿಲಿಳಿದು ಬಂದಳು. ಅವಳ ಮುಖ ಬಿಳಚಿತ್ತು.

"ಬಾಗಿಲು ಹಾಕಿದ ಹಾಗಿದೆ ಜವಾದ್. ಮಗು ಬರುತ್ತೆ, ಅಲ್ಲೇ ನಿಲ್ಲುತ್ತೆ. ಯಾರೋ ಒಳಗಿಂದ ಹಿಡ್ಕೊಂಡ ಹಾಗೆ. ಹೀಗೇ ಇದ್ರೆ ಇಬ್ಬರೂ ಉಳಿಯಲ್ಲ."

ಟಿಕ್.

ಜವಾದ್ ತಿರುಗಿದ. ಕಾರಿನ ಕಡೆಯಿಂದ. ಬ್ಯಾಟರಿ ಇನ್ನೂ ಹಲಗೆಯ ಮೇಲೇ ಇತ್ತು. ಟಿಕ್. ಮೇಲೆ ಬತೂಲ್ ಚೀರಿದಳು. ಟಿಕ್. ಮತ್ತೆ ಚೀರಿದಳು.

ಬಾಗಿಲಲ್ಲಿ ಲಲ್ಲಾ ಯಾಕೂತ್ ನಿಂತಿದ್ದಳು. ಕಿರುಚಾಟ ಅವಳ ಮನೆಯ ತನಕ ಮುಟ್ಟಿರಬೇಕು.

"ಒಳಗೆ ಒಂದು ಕಪ್ಪು ತಂತಿ ಇತ್ತಲ್ಲ. ಅದನ್ನ ಏನು ಮಾಡಿದೆ?"

"ಸುಟ್ಟೆ. ಅದರ ಥರಾನೇ ಹೊಸದು ಹಾಕಿದೀನಿ."

"ಯಾರ ಅಳತೆಗೆ?"

ಅವನು ತೋಳು ಚಾಚಿ ತೋರಿಸಿದ.

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಗಂಟಿಗೆ ಊದಿದೆಯಾ?"

"ಪುಡಿ ಹೋಗಲಿ ಅಂತ..."

"ಗಂಡಸಿನ ಮಾರು, ಗಂಟು, ಉಸಿರು. ಇನ್ನೇನು ಬೇಕಿತ್ತು ಅದಕ್ಕೆ." ಅವಳ ದನಿ ನೆಲಕ್ಕಿಳಿದಿತ್ತು. "ನನ್ನ ಗಂಡ ಎರಡನೇ ಮದುವೆ ಮಾಡ್ಕೊಂಡ. ಅವಳು ಬಸುರಿಯಾದಳು. ಅವನು ಮಲಗಿದ್ದಾಗ ನಾನೇ ಅವನ ಮಾರು ತೆಗೆದು, ಮಾಟದ ಗಂಟು ಹಾಕಿಸಿ, ಈ ಗಾಡಿಯೊಳಗೆ ಕಟ್ಟಿಸಿದೆ. ಅಳತೆ ಯಾರದೋ ಅವನ ಮಗು ಹೊರಗೆ ಬರೋದಿಲ್ಲ. ಆ ಹುಡುಗಿ ಈ ಗಾಡಿಯ ಹಿಂದಿನ ಸೀಟಲ್ಲೇ ಸತ್ತಳು, ಆಸ್ಪತ್ರೆ ದಾರಿಯಲ್ಲಿ. ಇದನ್ನ ಆವತ್ತು ನಿನ್ನ ಮುಂದೆ ಹೇಗೆ ಹೇಳಲಿ ಮಗಾ."

"ಈಗ ಏನು ಮಾಡಲಿ? ಬೇಗ ಹೇಳಿ."

"ಕಟ್ಟಿದ ಕೈಯೇ ಬಿಚ್ಚಬೇಕು. ಪ್ರತಿ ಗಂಟನ್ನೂ. ಕಬ್ಬಿಣ ಮಾತ್ರ ಮುಟ್ಟಿಸಬೇಡ. ಅಲ್ಲಿ ಕತ್ತರಿಸಿದ್ದು ಮೇಲೆ ಕತ್ತರಿಸುತ್ತೆ."

ಅವಳು ಒಳಗೆ ಬರಲಿಲ್ಲ. ಕಾರಿನತ್ತ ನೋಡಲೂ ಆಗದೆ, ಬೆನ್ನು ತಿರುಗಿಸಿ ಮಂಜಿನಲ್ಲಿ ನಿಂತಳು.

ಜವಾದ್ ಮುಂದಿನ ಸೀಟಿನ ಬುಡದಲ್ಲಿ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದ. ಒಳಗೆ ಕತ್ತಲು. ಟಾರ್ಚು ಉರಿದು ಆರಿತು. ಹಳೆಯ ಚರ್ಮದ ವಾಸನೆ, ಎಣ್ಣೆಯ ವಾಸನೆ, ಅವುಗಳ ಹಿಂದೆ ಸುಟ್ಟುಹೋಗಿದ್ದ ಆ ಸಾಂಬ್ರಾಣಿ, ಹಸಿಯಾಗಿ, ಈಗಷ್ಟೇ ಹೊತ್ತಿಸಿದಂತೆ. ಹಿಂದಿನ ಸೀಟಿನ ಸ್ಪ್ರಿಂಗು ಮೆಲ್ಲಗೆ ನರಳಿತು. ಯಾರೋ ಮಗ್ಗುಲು ಬದಲಿಸಿದ ಹಾಗೆ. ಅವನು ಹಿಂದಕ್ಕೆ ನೋಡಲಿಲ್ಲ.

ಟೇಪನ್ನು ಉಗುರಿನಲ್ಲೇ ಹರಿದ. ಕಪ್ಪು ತಂತಿ ಬೆರಳಿಗೆ ಸಿಕ್ಕಿತು. ಬೆಚ್ಚಗಿತ್ತು. ಮಿಡಿಯುತ್ತಿತ್ತು.

ಮೊದಲ ಗಂಟು ಬಿಚ್ಚಿತು. ಮೇಲೆ ಬತೂಲಳ ಚೀರಾಟ ನರಳಾಟಕ್ಕಿಳಿಯಿತು. "ಇಳೀತಿದೆ," ಫತ್ತೂಮಳ ದನಿ. "ಇಳೀತಿದೆ, ತಡ್ಕೋ ತಾಯಿ."

ಇನ್ನೊಂದು. ಮತ್ತೊಂದು. ಉಗುರು ಎದ್ದು ಬಂತು. ರಕ್ತಕ್ಕೆ ತಂತಿ ಜಾರಿತು. ಅಂಗಿಗೆ ಒರೆಸಿಕೊಂಡ. ಹಿಂದಿನಿಂದ ತಣ್ಣನೆಯ ಉಸಿರು ಅವನ ಕಾಲಿಗೆ ತಾಕಿತು. ಮತ್ತೊಂದು ಬಿಚ್ಚಿತು.

ಉಳಿದದ್ದು ಒಂದೇ. ಹಲ್ಲಿನಲ್ಲಿ ಕಚ್ಚಿ ಬಿಗಿದಿದ್ದ ಗಂಟು.

ಅದು ಬಿಚ್ಚಲಿಲ್ಲ. ಬೆರಳಿನಿಂದ ಎಳೆದ. ಹಲ್ಲಿನಿಂದ ಎಳೆದ. ನಾಲಿಗೆಗೆ ಉಪ್ಪುಪ್ಪು. ಸ್ವಲ್ಪ ಸಡಿಲವಾಯಿತು. ಕೂದಲೆಳೆಯಷ್ಟು. ಇನ್ನೊಂದಿಷ್ಟು ಹೊತ್ತು ಸಿಕ್ಕಿದ್ದರೆ.

ಟಿಕ್ ನಿಂತಿತು.

ಮೇಲೆಯೂ ಎಲ್ಲ ನಿಂತಿತು. ನರಳಾಟವಿಲ್ಲ. ಹೆಜ್ಜೆಯಿಲ್ಲ. ಉಸಿರಿಲ್ಲ.

"ಬತೂಲ್," ಎಂದ. ಮತ್ತೆ ಕೂಗಿದ, "ಬತೂಲ್."

ಸೊಂಟದಲ್ಲಿ ಕಟ್ಟರ್ ಇತ್ತು. ಅದು ಯಾವಾಗ ಕೈಗೆ ಬಂತೋ. ಕಣ್ಣು ಮುಚ್ಚಿದ. ಒತ್ತಿದ.

ಕಟ್.

ಮಗು ಅತ್ತಿತು. ಒಂದೇ ಸಲ, ಸಣ್ಣಗೆ. ಆಮೇಲೆ ಬತೂಲ್ ಅಳತೊಡಗಿದಳು.

ಅವನು ಮೆಟ್ಟಿಲೇರಿ ಓಡಿದ. ಹೆಣ್ಣುಮಗು. ಮೇಣದಷ್ಟು ಬಿಳಿ. ಚಾಪೆಯ ತುಂಬ ರಕ್ತ. ಫತ್ತೂಮ ಮಗುವಿನ ಹೊಕ್ಕುಳನ್ನು ಎರಡು ಬೆರಳಲ್ಲಿ ಅದುಮಿ ಹಿಡಿದಿದ್ದಳು. ಅವಳ ಕತ್ತರಿ ಇನ್ನೂ ಬಿಸಿನೀರಿನ ಪಾತ್ರೆಯಲ್ಲೇ ಇತ್ತು.

"ನಾನು ಕತ್ತರಿಸಿಲ್ಲ," ಎಂದಳು ಅವಳು, ಮತ್ತೆ ಮತ್ತೆ. "ಹೊಕ್ಕುಳಬಳ್ಳಿ ತುಂಬ ಗಂಟುಗಳಿದ್ದವು. ನನ್ನ ಕಣ್ಣೆದುರಿಗೇ ತಾವಾಗೇ ಬಿಚ್ಚಿಕೊಂಡು ಬಂದವು. ಕೊನೇದರ ಹತ್ರ ಕಡಿದು ಹೋಯ್ತು. ಅಲ್ಲಾಹನಾಣೆ, ನಾನು ಮುಟ್ಟಲಿಲ್ಲ."

ಆಂಬುಲೆನ್ಸ್ ಬಂತು. ಮಗು ಉಳಿಯಿತು. ಆದರೆ ಒಳಗಿರುವಾಗಲೇ ರಕ್ತ ಹೋಗಿದೆ, ಮೆದುಳಿಗೆ ಎಷ್ಟು ಪೆಟ್ಟು ಬಿದ್ದಿದೆಯೋ ಈಗಲೇ ಹೇಳಲಾಗದು ಎಂದರು ವೈದ್ಯರು. ವಾರ ಕಳೆದರೂ ಅದು ದೀಪದತ್ತ ಕಣ್ಣು ಹೊರಳಿಸಲಿಲ್ಲ. ಕೈಯೊಳಗೆ ಬೆರಳಿಟ್ಟರೆ ಹಿಡಿದುಕೊಳ್ಳಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಲಲ್ಲಾ ಯಾಕೂತ್ ಅವನ ಪಕ್ಕ ಬಂದು ಕೂತಳು.

"ಎಲ್ಲಾ ಬಿಚ್ಚಿದೆಯಾ ಮಗಾ?"

"ಬಿಚ್ಚಿದೆ."

ಮುದುಕಿ ಅವನ ಕಿತ್ತುಹೋದ ಉಗುರುಗಳನ್ನು ನೋಡಿದಳು. ತಲೆಯಾಡಿಸಿದಳು.

ಒಳಗೆ ಬತೂಲಳ ತಾಯಿಯ ದನಿ ಏರುತ್ತಿತ್ತು. "ಆ ಫತ್ತೂಮಳಿಗೆ ಕೈ ನಡುಗುತ್ತೆ ಅಂತ ನಾನು ಆವತ್ತೇ ಹೇಳಿದ್ದೆ. ಅವಸರ ಮಾಡಿ ಕತ್ತರಿಸಿಬಿಟ್ಟಳು. ಇನ್ಮೇಲೆ ಈ ಓಣಿಯಲ್ಲಿ ಅವಳನ್ನ ಯಾರು ಕರೀತಾರೋ ನೋಡ್ತೀನಿ."

ಜವಾದ್ ಒಳಗೆ ಕಾಲಿಟ್ಟಾಗ ಬತೂಲ್ ಬಾಗಿಲ ಕಡೆ ಮುಖ ತಿರುಗಿಸಿದಳು. ಅವಳ ತೋಳಿನಲ್ಲಿ ಮಗು ಚಾವಣಿಯನ್ನೇ ನೋಡುತ್ತಿತ್ತು.

"ರೀ, ಅವಳು ಮುಟ್ಟೇ ಇಲ್ಲ ಅಂತಾಳೆ. ನೀವು ಕೆಳಗೇ ಇದ್ರಲ್ಲ. ನಿಮಗೇನಾದ್ರೂ ಗೊತ್ತಾ?"

ಇನ್ನೊಂದಿಷ್ಟು ಹೊತ್ತು ತಾಳಿದ್ದರೆ ಆ ಗಂಟು ಬಿಚ್ಚುತ್ತಿತ್ತೋ, ಅಷ್ಟರಲ್ಲಿ ಇಬ್ಬರೂ ಹೋಗುತ್ತಿದ್ದರೋ, ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ. ಹೊರಗೆ ಕಂಬಕ್ಕೆ ಒರಗಿ ಫತ್ತೂಮ ನಿಂತಿದ್ದಳು, ಯಾರಾದರೂ ಒಳಗೆ ಕರೆಯಲಿ ಎಂದು. ಅವಳ ಕಣ್ಣು ಅವನನ್ನೇ ನೋಡುತ್ತಿತ್ತು.

ಜವಾದ್ ಮಗುವಿನ ತಣ್ಣನೆಯ ಅಂಗೈಯನ್ನು ತನ್ನ ಅಂಗೈಯಲ್ಲಿ ಮುಚ್ಚಿದ. ಹೆಂಡತಿಗಾಗಲಿ, ಮುದುಕಿಗಾಗಲಿ, ಆ ಸೂಲಗಿತ್ತಿಗಾಗಲಿ, ಯಾರಿಗೂ, ಎಂದಿಗೂ ಹೇಳುವುದಿಲ್ಲವೆಂದು ಆ ಕ್ಷಣದಲ್ಲಿ ತೀರ್ಮಾನಿಸಿದ.

"ಇಲ್ಲ," ಎಂದ. "ನನಗೇನು ಗೊತ್ತು."