ಜೊಲ್ಲಿನ ಗೂಡು

ಗಾಜಿನ ಪಾತ್ರೆಯಲ್ಲಿ ಹಕ್ಕಿಗೂಡುಗಳು ನಿಧಾನವಾಗಿ ಕರಗುತ್ತಿದ್ದವು. ಕಡಲ ನಡುವಿನ ಗವಿಗಳಲ್ಲಿ ಪುಟ್ಟ ಹಕ್ಕಿಯೊಂದು ತನ್ನ ಜೊಲ್ಲನ್ನೇ ಎಳೆಎಳೆಯಾಗಿ ಬಂಡೆಗೆ ಅಂಟಿಸಿ ಕಟ್ಟುವ ಗೂಡುಗಳವು. ಬರಿದೇ ಬೇಯಿಸಿ ತಿಂದರೆ ಅವುಗಳ ಸತ್ವ ಅಷ್ಟಾಗಿ ಮೈಗೆ ಹತ್ತುತ್ತಿರಲಿಲ್ಲ. ಡಾ. ಶಾರ್ವರಿ ಭಂಡಾರ್ಕರ್ ರೂಪಿಸಿದ ಯಂತ್ರ ಕಿಣ್ವಗಳ ನೆರವಿನಿಂದ ಗೂಡಿನ ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆಯುತ್ತಿತ್ತು. ಕಬ್ಬಿಣವನ್ನು ತುಕ್ಕು ತಿನ್ನುವಂತೆ ಜೀವಕೋಶಗಳನ್ನು ತಿನ್ನುವ ಕಣಗಳನ್ನು ಆ ಚೂರುಗಳು ಮಿದುಳಿನಲ್ಲೇ ತಡೆಯುತ್ತಿದ್ದವು. ೨೦೫೮ರಲ್ಲಿ ಮರೆವಿನ ಕಾಯಿಲೆಗೆ ಇದ್ದದ್ದು ಆ ಮದ್ದೊಂದೇ.

ಅದನ್ನು ಮೊದಲು ಕುಡಿದವರಲ್ಲಿ ಶಾರ್ವರಿಯವರ ಗಂಡ, ಇತಿಹಾಸದ ಮೇಷ್ಟ್ರು ವಿಠೋಬ ಒಬ್ಬರು. ಹೆಂಡತಿಯನ್ನು ದಾದಿಯೆಂದು ತಿಳಿದಿದ್ದ ಅವರು ಒಂದು ಬೆಳಿಗ್ಗೆ, "ಶಾರೂ, ನಿನ್ನ ಕೂದ್ಲು ಯಾವಾಗ ಇಷ್ಟು ಬೆಳ್ಳಗಾಯ್ತು?" ಎಂದು ಕೇಳಿದ್ದರು.

ಹಕ್ಕಿಯ ಜೊಲ್ಲುಗ್ರಂಥಿಯನ್ನು ಪ್ರಯೋಗಾಲಯದಲ್ಲೇ ಬೆಳೆಸಲು ಶಾರ್ವರಿ ಯತ್ನಿಸಿದರು. ಎಳೆ ಬಂತು, ಗುಣ ಬರಲಿಲ್ಲ. ಗುಣವಿದ್ದದ್ದು ಕರಾವಳಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಮೇಲೆ ಹಾರುತ್ತ ಹಕ್ಕಿ ಹಿಡಿದು ತಿನ್ನುವ ಹುಳಗಳಲ್ಲಿ. ಹಾಗಾಗಿ ಭಟ್ಕಳದಾಚೆಯ ದ್ವೀಪದಿಂದ ಗೂಡು ತರಿಸಲೇಬೇಕಿತ್ತು. ಮರಿಗಳು ಹಾರಿಹೋದ ಮೇಲಷ್ಟೇ ಗೂಡು ಕೀಳಬೇಕೆಂದು ಅವರು ಮದ್ದು ಮಾರುವ ಕಂಪನಿಯಿಂದ ನಿಯಮ ಮಾಡಿಸಿದ್ದರು.

ಮದ್ದು ಬಂದ ಮೂರನೆಯ ವರ್ಷ ಗಂಡನೊಂದಿಗೆ ದ್ವೀಪಕ್ಕೆ ಹೋದರು. ಗವಿಯ ನೆಲದ ತುಂಬ ಒಡೆದ ಮೊಟ್ಟೆಗಳಿದ್ದವು. ಮತ್ತೆ ಮತ್ತೆ ಗೂಡು ಕಟ್ಟಿ ಜೊಲ್ಲು ಬತ್ತಿದ ಹಕ್ಕಿಯೊಂದು ಬರೀ ಗರಿಗಳನ್ನು ಬಂಡೆಗೆ ಅಂಟಿಸಲು ನೋಡುತ್ತಿತ್ತು. ಅಂಟದೆ ಅವು ಉದುರುತ್ತಿದ್ದವು.

"ಮೊಟ್ಟೆ ಇದ್ದ ಗೂಡನ್ನೂ ತೆಗೆದ್ಯಾ, ಈಶ್ವರ?" ಗೂಡು ಕೀಳುವ ಈಶ್ವರ ಮೊಗೇರನನ್ನು ಶಾರ್ವರಿ ಕೇಳಿದರು.

"ಕಂಪನಿಯವ್ರು ಅದೂ ಬೇಕು ಅಂದ್ರು, ಅಮ್ಮ. ನಮ್ಮ ತಾಯಿ ಕುಡಿಯುದೂ ಅದೇ ಮದ್ದು. ನಾ ಎಂತ ಹೇಳುದು?"

ಮರಳುವ ದೋಣಿಯಲ್ಲಿ ವಿಠೋಬ ಮೆಲ್ಲಗೆ ಹೇಳಿದರು: "ನಾಳೆಯಿಂದ ನಂಗೆ ಬೇಡ."

"ಬಿಟ್ರೆ ನಿಮಗೆ ಮತ್ತೆ ನನ್ನ ಗುರ್ತು ಸಿಗೂದಿಲ್ಲ."

"ಗೊತ್ತುಂಟು. ಬುದ್ಧಿ ಇರುವಾಗ್ಲೇ ಹೇಳ್ಬೇಕಲ್ಲ. ಆಮೇಲೆ ನಾನೇ ಕೇಳಿದ್ರೂ ಕೊಡ್ಬೇಡ."

ಮಳೆಗಾಲ ಮುಗಿಯುವಷ್ಟರಲ್ಲಿ ವಿಠೋಬ ಮರೆವಿಗೆ ಜಾರಿದರು. ಒಂದು ದಿನ ಹೆಂಡತಿಯ ಸೆರಗು ಹಿಡಿದು, "ಸಿಸ್ಟರ್, ಏನೋ ಕುಡಿಯೋಕೆ ಕೊಡ್ತಿದ್ರಲ್ಲ, ಅದು ಕೊಡಿ. ತಲೆಯೊಳಗೆ ಎಲ್ಲ ಕತ್ತಲೆ ಆಗ್ತಾ ಉಂಟು" ಎಂದು ಅತ್ತರು. ಫ್ರಿಜ್ಜಿನಲ್ಲಿ ಇನ್ನೂ ಮದ್ದಿತ್ತು. ಶಾರ್ವರಿ ಅವರ ಕೈ ಹಿಡಿದು ಕೂತರೇ ಹೊರತು ಏಳಲಿಲ್ಲ.

ಯಂತ್ರ ನಿಲ್ಲಿಸಿ ಎಂದು ಅವರು ಕೇಳಿಕೊಂಡಾಗ ಕಂಪನಿ ಕಿವಿಗೊಡಲಿಲ್ಲ. ಹಕ್ಕಿಗಳ ಗತಿಯನ್ನು ಊರಿಗೆಲ್ಲ ತಿಳಿಸಿದಾಗ ರೋಗಿಗಳ ಮಕ್ಕಳು ಮನೆಯ ಗೇಟಿನೆದುರು ಬಂದು ನಿಂತರು. "ನಮ್ಮಪ್ಪನಿಗಿಂತ ಹಕ್ಕಿ ಹೆಚ್ಚಾ, ಮೇಡಂ?" ಎಂದಳೊಬ್ಬಳು.

ಆಮೇಲೆ ಹಕ್ಕಿಗಳೇ ಇಲ್ಲವಾದವು. ಮದ್ದು ಮುಗಿಯಿತು. ಮರೆವಿನಿಂದ ಮರಳಿ ಬಂದಿದ್ದ ಅಷ್ಟೂ ಜನ ಒಂದೇ ಚಳಿಗಾಲದಲ್ಲಿ ತಮ್ಮ ಮಕ್ಕಳ ಹೆಸರು ಮರೆತರು. ವಿಠೋಬರ ತ್ಯಾಗದಿಂದ ಒಂದು ಹಕ್ಕಿಯೂ ಉಳಿಯಲಿಲ್ಲ.

ಶಾರ್ವರಿ ಈಶ್ವರನೊಂದಿಗೆ ಕೊನೆಯ ಬಾರಿ ಹಕ್ಕಿ ಹುಡುಕಲು ಹೋದಾಗ ಗವಿಯಲ್ಲಿ ಅಲೆಯ ಸದ್ದಷ್ಟೇ ಇತ್ತು.

"ನಮ್ಮಪ್ಪ ಪ್ರಾಯದಲ್ಲಿದ್ದಾಗ, ಎರಡು ಸಾವಿರದ ಇಪ್ಪತ್ತೈದರ ಸುಮಾರಿಗೆ, ಇಲ್ಲಿ ಹಕ್ಕಿ ಹಿಂಡು ಹಿಂಡು ಇತ್ತಂತೆ," ಎಂದ ಈಶ್ವರ. "ಆಗ ಯಾರೂ ಯಾಕೆ ಮುಟ್ಲಿಲ್ಲ, ಅಮ್ಮ?"

ಶಾರ್ವರಿ ಬೋಳು ಬಂಡೆಯನ್ನು ನೋಡುತ್ತ ನಿಂತಿದ್ದರು.

"ಆಗ ಅದು ಯಾವ ಉಪಯೋಗಕ್ಕೂ ಬಾರದ ಹಕ್ಕಿ, ಈಶ್ವರ," ಎಂದರು.