ಮೀನಿಲ್ಲದ ತೊಟ್ಟಿ

"ಅಯ್ಯೋ, ನೀರು ಖಾಲಿ ಮಾಡ್ಬೇಡ್ರೀ!"

ಕಿಟಕಿಗೆ ಗಾಜು ಕೂರಿಸಲು ಬಂದವನು ಓಡಿಬಂದು, ಕಿಟಕಿ ಪಕ್ಕದ ಮೀನಿನ ತೊಟ್ಟಿಯಿಂದ ನೀರು ಮೊಗೆಯುತ್ತಿದ್ದ ಗೌರಮ್ಮನ ಕೈ ಹಿಡಿದೇಬಿಟ್ಟ. ಚೊಂಬು ಠಣ್ಣನೆ ನೆಲಕ್ಕೆ ಬಿತ್ತು.

"ಕೈ ಬಿಡ್ರೀ! ತೊಟ್ಟಿ ನಮ್ಮದು, ನೀರೂ ನಮ್ಮದು!"

ಅವನು ತಟ್ಟನೆ ಕೈ ಬಿಟ್ಟ. ಕಿವಿ ಕೆಂಪಾಗಿತ್ತು.

"ತಪ್ಪಾಯ್ತು... ಇದು ಹಳೇ ತೊಟ್ಟಿ ಕಣ್ರೀ. ಕಬ್ಬಿಣದ ಚೌಕಟ್ಟಿಗೆ ಗಾಜು ಅಂಟಿರೋದು ಪುಟ್ಟಿಯಿಂದ, ಅದೇ ಸುಣ್ಣದ ಪುಡಿ ಎಣ್ಣೇಲಿ ಕಲಸಿ ಮೆತ್ತೋ ಅಂಟು. ಒಳಗೆ ನೀರಿದ್ರೆ ಮೂವತ್ತು ವರ್ಷ ಬಾಳುತ್ತೆ. ತಿಂಗಳುಗಟ್ಟಲೆ ಒಣಗಿಸಿದ್ರೆ ಪುಟ್ಟಿ ಬಿರುಕು ಬಿಟ್ಟು ಎಲ್ಲಾ ಸೋರಿಹೋಗುತ್ತೆ."

ಅದು ೧೯೬೦ರ ಯಶವಂತಪುರ. ತೊಟ್ಟಿಯನ್ನು ಗೌರಮ್ಮನ ಅಪ್ಪ ವೆಂಕಟರಾಮಯ್ಯ ಯಾವುದೋ ದೊರೆಯ ಬಂಗಲೆಯ ಹರಾಜಿನಲ್ಲಿ ತಂದಿದ್ದರು. ಗಾಜಿನವನ ಹೆಸರು ಮುನಿಆಂಜಿನಪ್ಪ, ಬ್ಯಾಟರಾಯನಪುರದವನು.

ಆಮೇಲೆ ಅವನು ಆಗಾಗ ಬಂದ. 'ಪುಟ್ಟಿ ನೋಡ್ಬೇಕು' ಎನ್ನುವುದು ನೆಪ. ಅವನು ಪುಟ್ಟಿ ನೋಡಿದ್ದು ಕಡಿಮೆ ಎಂಬುದು ತೊಟ್ಟಿಯ ಮೀನುಗಳಿಗೂ ಗೊತ್ತಿತ್ತು!

ಮರುವರ್ಷ ಅವನಿಗೆ ಶರಾವತಿ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಕೆಲಸ ಸಿಕ್ಕಿತು.

"ಕಾಗದ ಬರೆದ್ರೆ ನಿಮ್ಮಪ್ಪನ ಕೈಗೇ ಸಿಗುತ್ತೆ," ಎಂದ ಹೊರಡುವಾಗ. "ನಾನು ಬರೋದು ಬೇಡ ಅನ್ಸಿದ್ರೆ ತೊಟ್ಟಿ ಖಾಲಿ ಮಾಡ್ಬಿಡಿ. ರಸ್ತೆಯಿಂದಲೇ ಕಿಟಕಿಯಲ್ಲಿ ನೋಡ್ಕೊಂಡು ಹೊರಟೋಗ್ತೀನಿ."

ಗೌರಮ್ಮ ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ಎಷ್ಟು ಅತ್ತಳೋ...

ಮೂರು ವರ್ಷವಾಯಿತು. ಮೀನುಗಳು ಒಂದೊಂದಾಗಿ ಸತ್ತವು. ಹೊಸ ಮೀನು ತರಲು ಅವಳಿಗೆ ಮನಸ್ಸಾಗಲಿಲ್ಲ. ಆದರೆ ವಾರಕ್ಕೊಮ್ಮೆ ಪಾಚಿ ಉಜ್ಜಿ, ಕೊಡದಲ್ಲಿ ಹೊಸ ನೀರು ತಂದು ಕಂಠಮಟ್ಟ ತುಂಬುವುದನ್ನು ಬಿಡಲಿಲ್ಲ.

"ಮೀನೇ ಇಲ್ಲ, ಯಾರಿಗೆ ಈ ಸೇವೆ?" ಎಂದು ತಾಯಿ ಸುಬ್ಬಮ್ಮ ರೇಗುತ್ತಿದ್ದರು.

'ಮರೆತೇಬಿಟ್ಟರಾ? ಒಂದು ಸಲ ರಸ್ತೆಯಲ್ಲಾದರೂ ಹಾದುಹೋಗಬಾರದಿತ್ತೇ?' ಎಂದು ಗೌರಮ್ಮ ಒಳಗೊಳಗೇ ಕೇಳಿಕೊಳ್ಳುತ್ತಿದ್ದಳು.

ಕೊನೆಗೆ ಅಬ್ಬಿಗೆರೆಯ ಸಂಬಂಧ ಬಂತು. ಭಾನುವಾರ ತಾಂಬೂಲ ಎಂದಾಯಿತು. ಮನೆಗೆ ಸುಣ್ಣ ಹೊಡೆಸಬೇಕು, ತೊಟ್ಟಿ ಬಿಚ್ಚಿ ಗಾಜನ್ನು ಅಡುಗೆಮನೆ ಕಿಟಕಿಗೆ ಹಾಕಿಸಬೇಕು ಎಂದು ಅಪ್ಪ ಗಾಜಿನ ಅಂಗಡಿಗೆ ಹೇಳಿಕಳಿಸಿದರು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತವನನ್ನು ಕಂಡು ಗೌರಮ್ಮ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

ಮುನಿಆಂಜಿನಪ್ಪ!

ಅವನು ತಲೆಯೆತ್ತಲಿಲ್ಲ. "ಅಣೆಕಟ್ಟಿನ ಕೆಲಸ ಮುಗೀತು, ಈಗ ಇಲ್ಲೇ ಅಂಗಡೀಲಿದ್ದೀನಿ. ಅಂಗಡಿಯವರು ಕಳಿಸಿದ್ರು. ಖಾಲಿ ತೊಟ್ಟಿ ಬಿಚ್ಚೋಕೆ."

"ಖಾಲಿ ಅಂತ ಯಾರು ಹೇಳಿದ್ರು?"

"ಹೋದ ಯುಗಾದಿಗೆ ಬಂದಿದ್ದೆ. ರಸ್ತೆಯಿಂದ ನೋಡ್ದೆ. ಮೀನಿಲ್ಲ, ನೀರಿಲ್ಲ, ಬರೀ ಗಾಜು..." ಚೀಲದಿಂದ ಉಳಿ ತೆಗೆದ. "ಅರ್ಥ ಆಯ್ತು. ಹೊರಟೋದೆ."

ಬೈಯಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಕೈ ಹಾಕಿ ನೋಡಿ!"

ಅವನು ಕೈ ಇಳಿಸಿದ. ಮೊಣಕೈವರೆಗೆ ತಣ್ಣಗಾಯಿತು. ನೀರು ಚೌಕಟ್ಟಿನ ಮೇಲಿನ ಪಟ್ಟಿಯ ಮರೆಗೆ ಏರುವಷ್ಟು ತುಂಬಿತ್ತು, ನೀರಿನ ಅಂಚೇ ಹೊರಗೆ ಕಾಣುತ್ತಿರಲಿಲ್ಲ. ಒಂದು ಕಸ ಕೂಡ ಇರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಊರಿಗೆಲ್ಲ ಗಾಜು ಹಾಕುವವನಿಗೇ ತಿಳಿನೀರು ಕಂಡಿರಲಿಲ್ಲ!

"ಇಷ್ಟು ದಿನ... ತುಂಬ್ತಾನೇ ಇದ್ರಾ?"

"ಒಂದು ವಾರವೂ ಬಿಟ್ಟಿಲ್ಲ. ನೀವು ಮಾತ್ರ ಬಾಗಿಲು ತಟ್ಟದೇ ಹೋದ್ರಿ."

ಅವನ ಕಣ್ಣು ತುಂಬಿತು.

"ಬಿಚ್ಚಾಯ್ತೇನಪ್ಪಾ?" ವೆಂಕಟರಾಮಯ್ಯ ಒಳಗಿನಿಂದ ಬಂದರು.

ಮೂರು ವರ್ಷ ನುಂಗಿದ್ದ ಮಾತು ಗೌರಮ್ಮನ ಬಾಯಿಂದ ಹೊರಬಂತು.

"ಅಪ್ಪಾ, ತೊಟ್ಟಿ ಬಿಚ್ಚೋದು ಬೇಡ. ಅಬ್ಬಿಗೆರೆಯವರಿಗೂ ಬೇಡ ಅಂತ ಹೇಳಿಕಳಿಸಿ. ಇವರು ಬರ್ತಾರೆ ಅಂತಲೇ ನಾನು ನೀರು ತುಂಬ್ತಿದ್ದೆ."

ಅಪ್ಪ ಮಗಳನ್ನು ನೋಡಿದರು, ಒದ್ದೆ ಕೈಯಲ್ಲಿ ನಿಂತವನನ್ನು ನೋಡಿದರು. ತುಂಬಿದ ತೊಟ್ಟಿಯನ್ನೂ ನೋಡಿದರು.

"ಸುಬ್ಬೂ," ಎಂದು ಕೊನೆಗೆ ಕೂಗಿದರು, "ಸೇವೆ ಯಾರಿಗೆ ಅಂತ ಕೇಳ್ತಿದ್ದೆಯಲ್ಲ, ಬಾ. ಕಾಫಿ ಜಾಸ್ತಿ ಮಾಡ್ಕೊಂಡು ಬಾ."

ಅವರು ಒಳಹೋದ ಮೇಲೆ ಗೌರಮ್ಮ ಮೆಲ್ಲಗೆ ಕೇಳಿದಳು, "ಈ ಪುಟ್ಟಿ ಇನ್ನೆಷ್ಟು ವರ್ಷ ಬರುತ್ತೆ?"

"ನೀರಿದ್ರೆ ನಮಗೆ ತಲೆ ನರೆಯೋವರೆಗೂ. ಇನ್ಮೇಲೆ ಕೊಡ ನಾನು ಹೊರ್ತೀನಿ."

"ಮೊದಲು ಎರಡು ಮೀನು ತನ್ನಿ... ರಸ್ತೆಗೆ ಕಾಣೋ ಹಾಗೆ, ಕೆಂಪಗಿರೋವು!"