ಹಾಸಿನ ಎರಡು ತುದಿ

"ಬಿಡಿ."

"ಯಾಕೆ ಬಿಡ್ಲಿ?"

"ನಿಮ್ಮ ತುದಿ ನನ್ನ ಕೈಗೆ ಕೊಟ್ರೆ ತಾನೇ ಮಡಿಕೆ ಮುಗಿಯೋದು? ಹೀಗೆ ಎಳೀತಾ ನಿಂತ್ರೆ ಹಗ್ಗಜಗ್ಗಾಟ ಆಗುತ್ತೆ," ಎಂದ ಅವನು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೊಸದಾಗಿ ಸೇರಿದ್ದ ಆ ಉದ್ದನೆಯ ಆಸಾಮಿಯ ಕೈಯಿಂದ ಮಂಚದ ಹಾಸನ್ನು ಕಿತ್ತುಕೊಂಡು, ಗಲ್ಲದ ಕೆಳಗೆ ಸಿಕ್ಕಿಸಿ ಒಬ್ಬಳೇ ಮಡಚಿದಳು.

ಅದು ಇಬ್ಬರ ಕೆಲಸ. ಒಬ್ಬರು ನಿಂತಲ್ಲೇ ಹಿಡಿಯಬೇಕು. ಇನ್ನೊಬ್ಬರು ನಡೆದು ಬಂದು ತಮ್ಮ ತುದಿ ಒಪ್ಪಿಸಬೇಕು. ಆ ಒಪ್ಪಿಸುವುದೊಂದು ಅವಳಿಗೆ ಬರುತ್ತಿರಲಿಲ್ಲ. ಜೊತೆಯವರು ಅವಳಿಗೆ 'ಉಡ' ಎಂದು ಹೆಸರಿಟ್ಟಿದ್ದರು, ಹಿಡಿದರೆ ಬಿಡುವವಳಲ್ಲ ಎಂದು.

ಅಪ್ಪ ತೀರಿಕೊಂಡ ಮೇಲೆ ಹಾಸಿಗೆ ಹಿಡಿದ ಅಮ್ಮನನ್ನು ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಅವಳೇ. ಪ್ರಾರ್ಥನೆಯೂ ಚೌಕಾಸಿಯಂತಿತ್ತು: 'ಎಲ್ಲಾ ನಾನೇ ಮಾಡ್ತೀನಿ ಯೇಸಪ್ಪಾ, ನೀನು ಅಮ್ಮನ್ನ ಉಳಿಸು ಸಾಕು.' ಹಾಗಂದವಳೇ ಅವನನ್ನೂ ನಂಬದೆ, ಅಮ್ಮನ ಉಸಿರಿಗೆ ಕಿವಿಗೊಟ್ಟು ಅರೆನಿದ್ದೆ ಮಾಡುತ್ತಿದ್ದಳು.

ಎಲ್ಲರೂ ಉದ್ದಣ್ಣ ಎನ್ನುತ್ತಿದ್ದ ಆ ಹೊಸಬ ಮಾತ್ರ ದಿನವೂ ಅವಳೆದುರೇ ನಿಂತ. ಭಾನುವಾರ ಚರ್ಚಿನಲ್ಲೂ ಸಿಕ್ಕ. ಹಿಂದಿನ ಬೆಂಚಿನಲ್ಲಿ, ಹಾಡು ಬಾರದಿದ್ದರೂ ಬಾಯಿ ಆಡಿಸುತ್ತಿದ್ದ. ಅವಳಿಗೆ ನಗು ಬಂತು.

ಇವನ ಜೊತೆ ಒಂದು ಬದುಕು...? ಸಾಕು ಸುಮ್ಮನಿರು ಎಂದು ತನ್ನನ್ನೇ ಗದರಿಕೊಂಡಳು.

ಒಂದು ಸಂಜೆ ಮನೆಗೆ ಬಂದರೆ, ಚರ್ಚಿನ ಹೆಂಗಸೊಬ್ಬಳು ಅಮ್ಮನ ತಲೆ ಬಾಚುತ್ತಿದ್ದಳು.

"ನಿನ್ನ ಜೊತೆ ಕೆಲಸ ಮಾಡೋ ಉದ್ದನೆಯ ಹುಡುಗ ಪಾದ್ರಿ ಹತ್ರ ಹೇಳಿದ್ನಂತೆ ಕಣಮ್ಮ. ಇನ್ಮೇಲೆ ನಾವು ಸರದಿ ಮೇಲೆ ಬರ್ತೀವಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಹೆಂಗಸನ್ನು ಕಳಿಸಿಬಿಟ್ಟಳು. ಮರುದಿನ ಎಲ್ಲರ ಮುಂದೆಯೇ ಅವನನ್ನು ಕೇಳಿದಳು.

"ನಮ್ಮಮ್ಮ ಏನು ದಿಕ್ಕಿಲ್ಲದೋಳಾ, ಕಂಡೋರ ಕೈಗೆ ಒಪ್ಪಿಸೋಕೆ? ನೀವ್ಯಾರು?"

"ಯಾರೂ ಅಲ್ಲ. ಅಮ್ಮನ ವಿಷಯ ಇಲ್ಲಿಯವರೇ ಹೇಳಿದ್ರು. ನೀವು ನಿಂತಲ್ಲೇ ತೂಕಡಿಸ್ತಿದ್ರಿ, ನೋಡೋಕಾಗ್ಲಿಲ್ಲ." ಅವನು ತಲೆ ತಗ್ಗಿಸಿದ. "ಮೊದಲು ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು."

ಅಂದಿನಿಂದ ಅವನು ಬೇರೆ ಮೇಜಿಗೆ ಹೋದ. ಅವಳು ಮತ್ತೆ ಗಲ್ಲದ ಕೆಳಗೆ ಸಿಕ್ಕಿಸಿ ಒಬ್ಬಳೇ ಮಡಚಿದಳು.

ವಾರ ಕಳೆಯುವುದರೊಳಗೆ ತೋಳು ಸೋತಿತು. ಅಮ್ಮನನ್ನು ಮಂಚಕ್ಕೆ ಎತ್ತುವಾಗ ಇಬ್ಬರೂ ನೆಲಕ್ಕೆ ಜಾರಿದರು. ಪೆಟ್ಟಾಗಲಿಲ್ಲ. ಆದರೆ ಮತ್ತೆ ಎತ್ತುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮಂಚಕ್ಕೆ ಒರಗಿ ಕೂತರು.

"ನಾನು ನಿನಗೆ ಹೊರೆ ಅಂದ್ಕೊಂಡಿದ್ದೀಯ," ಎಂದಳು ಅಮ್ಮ. "ನನಗೆ ನೀನೇ ಹೊರೆ ಕಣೆ. ನಿನ್ನ ಮುಖ ನೋಡಿದ್ರೇ ನನಗೆ ಸುಸ್ತಾಗುತ್ತೆ."

"ಅಮ್ಮಾ..."

"ಯೇಸಪ್ಪ ಹೊರ್ತೀನಿ ಅಂತಾನೆ. ನೀನು ಅವನ ಕೈಯಿಂದಲೂ ಕಿತ್ಕೊಳ್ತೀಯ."

ಅವಳು ಅಮ್ಮನ ಭುಜಕ್ಕೆ ಹಣೆ ಹಚ್ಚಿದಳು. ಈ ಸಲ ಚೌಕಾಸಿ ಮಾಡಲಿಲ್ಲ.

'ನನ್ನಿಂದ ಆಗಲ್ಲಪ್ಪ. ಇಕೋ, ಅಮ್ಮ ನಿನ್ನವಳು. ನಾನೂ ನಿನ್ನವಳೇ. ಉಳಿಸಿದ್ರೆ ಉಳಿಸು. ಕರ್ಕೊಂಡ್ರೆ...'

ಬೆಳಕು ಇಳಿಯಲಿಲ್ಲ, ದನಿ ಕೇಳಲಿಲ್ಲ. ಅಮ್ಮನ ಕಾಯಿಲೆ ಇತ್ತು, ಅವಳ ಸೊಂಟನೋವೂ ಇತ್ತು. ಆದರೆ ವರ್ಷಗಳಿಂದ ಎದೆಯೊಳಗೆ ಬಿಗಿದಿದ್ದ ಮುಷ್ಟಿಯೊಂದು ಬಿಚ್ಚಿಕೊಂಡಿತು. ಫೋನೆತ್ತಿ, ತಾನೇ ಓಡಿಸಿದ್ದ ಹೆಂಗಸಿಗೆ, "ಸ್ವಲ್ಪ ಬರ್ತೀರಾ ಅಕ್ಕಾ?" ಎಂದಳು. ಆ ದಿನ ಅವಳಿಗೆ ತುಂಬು ನಿದ್ದೆ ಬಂತು.

ಬೆಳಿಗ್ಗೆ ಹಾಸೊಂದನ್ನು ಹಿಡಿದು ಉದ್ದಣ್ಣನ ಮೇಜಿಗೆ ಹೋದಳು.

"ಹಿಡೀರಿ."

ಅವನು ಹಿಡಿದ. ಅವಳು ನಡೆದು ಬಂದು ತನ್ನ ತುದಿಯನ್ನು ಅವನ ಕೈಗಿಟ್ಟಳು.

"ಅಮ್ಮನ ಹತ್ರ ಯಾರಿದ್ದಾರೆ?"

"ನೀವು ಕಳಿಸಿದೋರೇ." ಅವಳು ಕತ್ತೆತ್ತಿ ನೋಡಿದಳು. "ಅವತ್ತು ತುಂಬಾ ಅಂದ್ಬಿಟ್ಟೆ."

"ಪರವಾಗಿಲ್ಲ."

"ನೋಡಿ, ನನಗೆ ತುಂಬಾ ಸುಸ್ತಾಗಿದೆ. ನಾವಿಬ್ರೂ ಮದುವೆ ಆದ್ರೂ ಸುಸ್ತಾಗಿಯೇ ಇರ್ತೀನಿ. ಅಮ್ಮ ನಮ್ಮ ಜೊತೆನೇ ಇರ್ತಾಳೆ. ಆಗುತ್ತಾ?"

ಅವನು ಹಾಸನ್ನು ಎದೆಗೊತ್ತಿಕೊಂಡ.

"ಅಮ್ಮನ ಹಾಸು ಮಡಚೋಕೂ ಇಬ್ಬರು ಬೇಕಲ್ವಾ?"

"ಬೇಕು."

"ಹಾಗಾದ್ರೆ ಭಾನುವಾರ ಬಂದು ಅಮ್ಮನ್ನ ಕೇಳ್ಲಾ?"

"ಭಾನುವಾರದವರೆಗೆ ಯಾಕೆ..." ಅವಳು ಮುಂದಿನ ಹಾಸಿನ ತುದಿ ಹುಡುಕುತ್ತಾ ಹೇಳಿದಳು. "ಇವತ್ತು ಸಂಜೆನೇ ಬನ್ನಿ."